ಎಪ್ಪತ್ತು ದಾಟಿದ ಅಪ್ಪ ಅಮ್ಮಂಗೆ ಯಾವ ಕಾರ್ಡು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜ್ ಎಲ್ಲಾ ಸೇರಿ ಮುಕ್ಕಾಲು ಪಾಲು ಒಂದೇ ವಿಷ್ಯ. ಅಪ್ಪಂಗೆ, ಅಮ್ಮಂಗೆ, ಅತ್ತೆಗೆ ಸರ್ಕಾರದ ಇನ್ಶೂರೆನ್ಸ್ ಏನಿದೆ, ಯಾವ ಕಾರ್ಡ್ ಎಲ್ಲಿ ನಡೀತದೆ. ಹಂಗಾಗಿ ಬೇರೆ ಪ್ರಶ್ನೆ ಎಲ್ಲಾ ಮುಂದಿನ ಸಲಕ್ಕೆ ಇಟ್ಟು ಇದನ್ನೇ ತಗೊಂಡಿದೀನಿ. ನಾನು ದಾವಣಗೆರೆಲಿ ಒಂದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್ ಹಿಂದೆ 20 ವರ್ಷ ಕೂತವಳು. ಗಾಜಿನ ಆ ಕಡೆ ವಯಸ್ಸಾದೋರು ಬಂದು ನಿಂತ್ರೆ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇರೋದು, ಸೀರೆ ಅಂಗಡಿದೋ ಬೇಕರಿದೋ, ಅದಕ್ಕೆ ರಬ್ಬರ್ ಬ್ಯಾಂಡು, ಒಳಗೆ ಐದಾರು ಕಾರ್ಡು, ಎಲ್ಲಾ ತೆಗೆದು ಕೌಂಟರ್ ಮೇಲೆ ಇಸ್ಪೀಟ್ ಎಲೆ ಹರಡಿದಂಗೆ ಹರಡಿ "ಇದ್ರಾಗೆ ಯಾವ್ದು ನಡೀತೈತೆ ನೋಡವ್ವ" ಅನ್ನೋರು. ಎಷ್ಟೋ ಸಲ ಒಂದೂ ನಡೀತಿರ್ಲಿಲ್ಲ. ನಡೆಯೋದು ಮನೇಲಿ ಟ್ರಂಕಲ್ಲಿ ಇರೋದು.

"ನಮ್ಮಪ್ಪ ರಿಟೈರ್ಡ್ ಮೇಷ್ಟ್ರು, 72 ವರ್ಷ, ಪೆನ್ಷನ್ ಬರ್ತದೆ, ಬಿಪಿಎಲ್ ಕಾರ್ಡ್ ಇಲ್ಲ. 70 ಆದೋರಿಗೆಲ್ಲಾ 5 ಲಕ್ಷ ಫ್ರೀ ಅಂತ ಸೈಬರ್ ಸೆಂಟರ್ ಹುಡುಗ ಹೇಳಿದ. ಪೆನ್ಷನ್ ಇದ್ರೂ ಕೊಡ್ತಾರಾ, ಸುಳ್ಳಾ ನಿಜಾನಾ?" - ವಿದ್ಯಾನಗರ, ದಾವಣಗೆರೆ

ನಿಜ ಐತೆ ತಮ್ಮ, ಆದ್ರೆ ಅರ್ಧ ಹೇಳಿದಾನೆ. ಅದರ ಹೆಸರು ಆಯುಷ್ಮಾನ್ ವಯ ವಂದನಾ ಕಾರ್ಡ್. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಇತ್ತಲ್ಲ, ಆಸ್ಪತ್ರೆ ಖರ್ಚು ಸರ್ಕಾರನೇ ಕೊಡೋ ಯೋಜನೆ, ಅದು ಬಡವರಿಗೆ ಮಾತ್ರ ಇತ್ತು. 2024ರ ಸೆಪ್ಟೆಂಬರಲ್ಲಿ ಕೇಂದ್ರ ಸಂಪುಟ ಅದನ್ನ 70 ತುಂಬಿದ ಎಲ್ಲರಿಗೂ ಅಂತ ದೊಡ್ಡದು ಮಾಡ್ತು, ಅಕ್ಟೋಬರ್ 29ಕ್ಕೆ ಕಾರ್ಡ್ ಕೊಡೋಕೆ ಶುರು. ಆದಾಯ ಎಷ್ಟು, ಪೆನ್ಷನ್ ಬರ್ತದಾ, ಮನೆ ಎಷ್ಟು ಅಂಕಣದ್ದು, ಯಾವ್ದೂ ಕೇಳಲ್ಲ. ಕೇಳೋದು ವಯಸ್ಸು ಒಂದೇ, ಅದೂ ಆಧಾರಲ್ಲಿ ಇರೋ ವಯಸ್ಸು. ಪ್ರೀಮಿಯಂ ಇಲ್ಲ. ಶುಗರ್, ಬಿಪಿ, ಹಳೇ ಹಾರ್ಟ್ ಪ್ರಾಬ್ಲಂ ಇದ್ರೂ ಮೊದಲ್ನೇ ದಿನದಿಂದ್ಲೇ ಲೆಕ್ಕಕ್ಕೆ ಬರ್ತದೆ, ಪ್ರೈವೇಟ್ ಪಾಲಿಸಿ ಥರ ಇಷ್ಟು ವರ್ಷ ಕಾಯಿ ಅನ್ನೋದಿಲ್ಲ.

ಇನ್ನ ಅವ್ನು ಹೇಳದೆ ಬಿಟ್ಟಿದ್ದು. 5 ಲಕ್ಷ ಅನ್ನೋದು ವರ್ಷಕ್ಕೆ, ಒಂದು ಕುಟುಂಬಕ್ಕೆ. ಅಪ್ಪ ಅಮ್ಮ ಇಬ್ರೂ 70 ದಾಟಿದ್ರೆ ಇಬ್ರಿಗೂ ಸೇರಿ 5, ತಲಾ 5 ಅಲ್ಲ. ಎರಡ್ನೇದು, ಇದು ಅಡ್ಮಿಟ್ ಆಗೋ ಕಾಯಿಲೆಗೆ. ದಿನಾ ನುಂಗೋ ಗುಳಿಗೆ, ಡಾಕ್ಟರ್ ಫೀಸು, ಸುಮ್ನೆ ಒಂದ್ಸಲ ಸ್ಕ್ಯಾನಿಂಗ್ ಮಾಡಿಸಿ ಬರೋದು, ಇದಕ್ಕೆಲ್ಲ ಬರಲ್ಲ. ಅಡ್ಮಿಟ್ ಆಗೋಕೆ ಮುಂಚೆ 3 ದಿನದ ಟೆಸ್ಟು, ಡಿಸ್ಚಾರ್ಜ್ ಆದ್ಮೇಲೆ 15 ದಿನದ ಔಷಧಿ ಒಳಗೆ ಸೇರ್ತದೆ, ಅಷ್ಟೇ. ವಯಸ್ಸಾದೋರ ಖರ್ಚಲ್ಲಿ ತಿಂಗಳು ತಿಂಗಳು ಕಚ್ಚೋದು ಮೆಡಿಕಲ್ ಶಾಪಿನ ಬಿಲ್ಲೇ, ಅದು ಹಂಗೇ ನಿಮ್ಮ ತಲೆ ಮೇಲೆ ಇರ್ತದೆ.

ಮೂರ್ನೇದು, ಇದೇ ಮುಖ್ಯ. ಆಯುಷ್ಮಾನ್ ಖರ್ಚಲ್ಲಿ ಕೇಂದ್ರದ್ದು 60, ರಾಜ್ಯದ್ದು 40. 70 ದಾಟಿದವರದ್ದು ಬಂದಾಗ ಈ ಪಾಲಿನ ಲೆಕ್ಕದ ಮೇಲೆ ನಮ್ಮ ರಾಜ್ಯಕ್ಕೂ ದಿಲ್ಲಿಗೂ ಎಳೆದಾಟ ಆಯ್ತು, ಪೇಪರಲ್ಲಿ ಓದಿರ್ತೀರಿ. ಅದಕ್ಕೆ ಕಾರ್ಡ್ ಪ್ರಿಂಟ್ ಆಗಿ ಕೈಗೆ ಬಂತು ಅಂದ ಮಾತ್ರಕ್ಕೆ ನಮ್ಮೂರ ಎಲ್ಲಾ ಆಸ್ಪತ್ರೆಲೂ ನಡೀತದೆ ಅಂತ ಕೂತ್ಕೋಬೇಡಿ. ಅಪ್ಪ ಆರೋಗ್ಯವಾಗಿ ಓಡಾಡ್ತಿರೋವಾಗ್ಲೇ ಒಂದ್ಸಲ ನೀವು ಹೋಗೋ ಆಸ್ಪತ್ರೆಗೆ ಹೋಗಿ, ಅಲ್ಲಿ ಈ ಯೋಜನೆ ಕೆಲಸ ನೋಡ್ಕೊಳ್ಳೋಕೆ ಆರೋಗ್ಯ ಮಿತ್ರ ಅಂತ ಒಬ್ರು ಕೂತಿರ್ತಾರೆ, ಒಂದು ಟೇಬಲ್ಲು, ಒಂದು ಕಂಪ್ಯೂಟರ್ರು, ಮುಂದೆ ಯಾವಾಗ್ಲೂ ಜನ. ಅವರಿಗೆ ಕಾರ್ಡ್ ತೋರ್ಸಿ "ಇದ್ರಲ್ಲಿ ಇಲ್ಲಿ ಅಡ್ಮಿಟ್ ಮಾಡ್ಕೊಂಡಿದೀರಾ, ಕೊನೇದು ಯಾವಾಗ" ಅಂತ ಕೇಳಿ. "ನಡೀತದಾ" ಅಂತ ಕೇಳಿದ್ರೆ ಹೂಂ ಅಂದ್ಬಿಡ್ತಾರೆ, "ಯಾವಾಗ ಮಾಡಿದ್ರಿ" ಅಂತ ಕೇಳಿದ್ರೆ ನಿಜ ಗೊತ್ತಾಗ್ತದೆ. 14555ಕ್ಕೂ ಫೋನ್ ಮಾಡಿ ಕೇಳಿ, ಅದು ಫ್ರೀ.

ಇನ್ನೊಂದು ಮಾತು ಬೆರಳಚ್ಚಿನದ್ದು. ನಮ್ಮ ಮಾವನೋರದ್ದು ಹಿಂಗೇ ಆಯ್ತು, ಜೀವನಪೂರ್ತಿ ಅಡಿಕೆ ಸುಲಿದ ಕೈ, ಹೆಬ್ಬೆಟ್ಟು ನುಣ್ಣಗೆ ಸವೆದು ಹೋಗಿದೆ, ಮಷೀನ್ ಮೇಲೆ ಒತ್ತಿ ಒತ್ತಿ ಕೆಂಪಾಯ್ತೇ ಹೊರತು ಹೊಂದಾಣಿಕೆ ಆಗ್ಲಿಲ್ಲ, ಹುಡುಗ "ನಾಳೆ ಬನ್ನಿ ಅಜ್ಜ" ಅಂತ ಮೂರು ದಿನ ಓಡಾಡಿಸಿದ. ಬೆರಳೇ ಆಗ್ಬೇಕು ಅಂತೇನಿಲ್ಲ. ಆಧಾರಿಗೆ ಲಿಂಕ್ ಆದ ಮೊಬೈಲಿಗೆ ಓಟಿಪಿ ಬರ್ತದೆ, ಇಲ್ಲಾ ಕಣ್ಣು, ಇಲ್ಲಾ ಮುಖದ ಫೋಟೋ, ಯಾವ್ದ್ರಲ್ಲಾದ್ರೂ ಆಗ್ತದೆ. ಆಯುಷ್ಮಾನ್ ಆಪ್ ಹಾಕ್ಕೊಂಡು ಮನೇಲೇ ಮುಖ ತೋರ್ಸಿ ಮಾಡಿದ್ವಿ, ಜಗುಲಿ ಮೇಲೆ ಬೆಳಕಿಗೆ ಕೂರ್ಸಿ, ಕನ್ನಡಕ ತೆಗೆಸಿ, ಕಣ್ಣು ಮಿಟುಕಿಸಿ ಅಂದ್ರೆ ಪಾಪ ಎರಡೂ ಕಣ್ಣು ಗಟ್ಟಿ ಮುಚ್ಕೊಂಡು ಕೂತ್ರು. ನಾಲ್ಕನೇ ಸಲಕ್ಕೆ ಆಯ್ತು.

ನಿಮ್ಮಪ್ಪಂಗೆ ಬೇರೆ ಪ್ರೈವೇಟ್ ಪಾಲಿಸಿ ಇದ್ರೂ ಪರ್ವಾಗಿಲ್ಲ, ಇದನ್ನೂ ಮಾಡಿಸ್ಬಹುದು. ನೌಕರಿಲಿದ್ದಾಗ ಇದ್ದ ರಾಜ್ಯ ಸರ್ಕಾರಿ ನೌಕರರ ಜ್ಯೋತಿ ಸಂಜೀವಿನಿ ಆರೋಗ್ಯ ಯೋಜನೆ ನೆಚ್ಕೋಬೇಡಿ, ಅದು ಸರ್ವಿಸಲ್ಲಿ ಇರೋರಿಗೆ ಅಂತ ಮಾಡಿದ್ದು.

"ನಮ್ಮವ್ವಂಗೆ 66. ಬಿಪಿಎಲ್ ಕಾರ್ಡ್ ಐತೆ. ಮೊಣಕಾಲು ಆಪರೇಷನ್ ಮಾಡಿಸ್ಬೇಕು. ದಾವಣಗೆರೆ ಪ್ರೈವೇಟ್ ಆಸ್ಪತ್ರೆಗೆ ಹೋದ್ರೆ ಸರ್ಕಾರಿ ಆಸ್ಪತ್ರೆಯಿಂದ ಲೆಟರ್ ತಗಂಬರ್ರಿ ಅಂತಾರೆ. ಕಾರ್ಡ್ ಇದ್ಮೇಲೆ ಲೆಟರ್ ಯಾಕೆ ಅಕ್ಕಾರೆ? ದುಡ್ಡು ಕಟ್ಟಿ ಮಾಡಿಸಿ ಆಮೇಲೆ ಬಿಲ್ ಕೊಟ್ರೆ ವಾಪಸ್ ಬರಲ್ವಾ?" - ಚನ್ನಗಿರಿ ತಾಲ್ಲೂಕು

ಕೊನೇ ಪ್ರಶ್ನೆಗೆ ಮೊದ್ಲು ಉತ್ತರ ಹೇಳ್ತೀನಿ. ಬರಲ್ಲ. ಒಂದು ರೂಪಾಯಿನೂ ಬರಲ್ಲ. ಆಯುಷ್ಮಾನ್ ಯೋಜನೆಲಿ ದುಡ್ಡು ಆಸ್ಪತ್ರೆಗೆ ಹೋಗ್ತದೆ, ನಮ್ಮ ಕೈಗೆ ಬರೋ ದಾರಿನೇ ಇಲ್ಲ. ಇದನ್ನ ನಾನು ಇಪ್ಪತ್ತು ವರ್ಷ ಬೇರೆಯೋರಿಗೆ ಹೇಳಿ, ನಮ್ಮ ಮನೇಲೇ ತಪ್ಪು ಮಾಡಿದ್ವಿ. ನಮ್ಮ ಚಿಕ್ಕಮ್ಮ ಬಿದ್ದು ಸೊಂಟ ಮುರ್ಕೊಂಡ್ರು, ನಾನು ಊರಲ್ಲಿರ್ಲಿಲ್ಲ, ತಮ್ಮ ಗಾಬರೀಲಿ ಒಂದು ಖಾಸಗಿ ಆಸ್ಪತ್ರೆಗೆ ಹಾಕಿ 40 ಸಾವಿರ ಅಡ್ವಾನ್ಸ್ ಕಟ್ಟಿದ, ಆಪರೇಷನ್ ಆಯ್ತು, ಮೂರ್ನೇ ದಿನ ನಾನು ರೇಷನ್ ಕಾರ್ಡ್ ತಗೊಂಡು ಹೋದೆ. ಕೌಂಟರಲ್ಲಿ ಇದ್ದ ಹುಡುಗಿ ನಂಗೆ ಹೇಳಿದ್ದು, ನಾನು ಸಾವಿರ ಜನಕ್ಕೆ ಹೇಳಿದ್ದ ಅದೇ ಮಾತು. "ಮೇಡಂ, ಅಡ್ಮಿಶನ್ ಟೈಮಲ್ಲೇ ಕೊಡ್ಬೇಕಿತ್ತು." ಸುಮ್ನೆ ಬಂದೆ.

ಲೆಟರ್ ವಿಷ್ಯಕ್ಕೆ ಬರೋಣ. ನಮ್ಮಲ್ಲಿ ಆಯುಷ್ಮಾನ್ ಅಂದ್ರೆ ಕೇಂದ್ರದ್ದೂ ರಾಜ್ಯದ ಆರೋಗ್ಯ ಕರ್ನಾಟಕದ್ದೂ 2018ರಲ್ಲಿ ಸೇರಿಸಿ ಒಂದು ಮಾಡಿದ್ದು, ನೋಡ್ಕೊಳ್ಳೋದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಅದರ ಲೆಕ್ಕಾಚಾರ ಏನಪ್ಪ ಅಂದ್ರೆ ಸರ್ಕಾರಿ ಆಸ್ಪತ್ರೆಲಿ ಆಗೋದನ್ನ ಅಲ್ಲೇ ಮಾಡಿಸ್ಬೇಕು, ಆಗದೇ ಇದ್ದದ್ದನ್ನ ಮಾತ್ರ ಅವರೇ ಬರೆದು ಪ್ರೈವೇಟಿಗೆ ಕಳಿಸ್ಬೇಕು. ಆ ಬರೆದು ಕಳಿಸೋದೇ ರೆಫರಲ್ ಲೆಟರ್. ಪ್ಲ್ಯಾನ್ ಮಾಡಿ ಮಾಡಿಸೋ ಆಪರೇಷನ್ನಿಗೆ ಇದು ಬೇಕೇ ಬೇಕು, ಮೊಣಕಾಲು ಅಂಥದ್ದೇ. ಎಮರ್ಜೆನ್ಸಿಗೆ ಬೇಡ, ಎದೆ ನೋವು ಬಂದು ಒದ್ದಾಡ್ತಿರೋನು ಲೆಟರಿಗೆ ಕ್ಯೂ ನಿಲ್ಲೋಕಾಗ್ತದಾ, ಯೋಜನೆಯ ಪಟ್ಟಿಲಿರೋ ಆಸ್ಪತ್ರೆಗೆ ಸೀದಾ ಹೋಗ್ಬಹುದು.

ನೀವು ಮಾಡ್ಬೇಕಾದ್ದು, ಅವ್ವನ್ನ ಕರ್ಕೊಂಡು ದಾವಣಗೆರೆ ಸಿಜಿ ಆಸ್ಪತ್ರೆಗೆ, ಅದೇ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಬನ್ನಿ. ಬೆಳಿಗ್ಗೆ ಮೊದಲ್ನೇ ಬಸ್ಸಿಗೇ ಬನ್ನಿ, ಹನ್ನೊಂದಕ್ಕೆ ಬಂದ್ರೆ ಚೀಟಿ ಮಾಡ್ಸೋದ್ರಲ್ಲೇ ಮಧ್ಯಾಹ್ನ ಆಗ್ತದೆ, ಮೂಳೆ ಡಾಕ್ಟರು ಎದ್ದು ಹೋಗಿರ್ತಾರೆ. ಹಳೇ ಎಕ್ಸ್‌ರೇ, ಪ್ರೈವೇಟಲ್ಲಿ ಬರೆದ ಚೀಟಿ ಎಲ್ಲಾ ತನ್ನಿ. ಅಲ್ಲೇ ಮಾಡ್ತೀವಿ ಅಂದ್ರೆ ದಯವಿಟ್ಟು ಮುಖ ಸಿಂಡರಿಸ್ಬೇಡಿ, ಅಲ್ಲಿನ ಕೆಲವು ಡಾಕ್ಟರ ಕೈ ಎಂಥದ್ದು ಅಂತ ನಂಗೆ ಗೊತ್ತು. ಅಲ್ಲಿ ಆಗಲ್ಲ ಅಂದ್ರೆ ಲೆಟರ್ ಬರೆಸ್ಕೊಳ್ಳಿ, ಬರೆಸ್ಕೊಂಡು ಪ್ರೈವೇಟಿಗೆ ಹೋಗೋಕೆ ಮುಂಚೆ ಆ ಆಸ್ಪತ್ರೆ ಮೂಳೆ ವಿಭಾಗಕ್ಕೆ ಯೋಜನೆಲಿ ಇದೆಯಾ ನೋಡಿ. ಕೆಲವು ಕಡೆ ಹಾರ್ಟಿಗೆ ಇರ್ತದೆ, ಮೂಳೆಗೆ ಇರಲ್ಲ. ಗೇಟಿನ ಮೇಲೆ ಆಯುಷ್ಮಾನ್ ಬೋರ್ಡ್ ನೋಡಿ ಒಳಗೆ ಹೋದೋರು ಎಷ್ಟೋ ಜನ ಇಲ್ಲೇ ಎಡವೋದು.

ಇನ್ನ ಒಂದು, ಆಧಾರಲ್ಲೂ ರೇಷನ್ ಕಾರ್ಡಲ್ಲೂ ಅವ್ವನ ಹೆಸರು ಒಂದೇ ಥರ ಇದೆಯಾ ನೋಡ್ಕೊಳ್ಳಿ. ನಮ್ಮ ಕಡೆ ಒಂದ್ರಲ್ಲಿ ಅವ್ವ ಅಂತ ಇರ್ತದೆ, ಒಂದ್ರಲ್ಲಿ ಅಮ್ಮ ಅಂತ ಇರ್ತದೆ, ಕಂಪ್ಯೂಟರಿಗೆ ಇಬ್ರೂ ಬೇರೆ ಬೇರೆ ಹೆಂಗಸ್ರು.

"ನಮ್ಮದು ಬಿಪಿಎಲ್ ಇತ್ತು, ಮಗ ಇನ್ಕಮ್ ಟ್ಯಾಕ್ಸ್ ಕಟ್ತಾನೆ ಅಂತ ಎಪಿಎಲ್ ಮಾಡಿದ್ರು. ನನಗೆ 68, ಯಜಮಾನ್ರಿಗೆ ಹಾರ್ಟಿಗೆ ಸ್ಟೆಂಟ್ ಹಾಕ್ಬೇಕು, ಅವರಿಗೂ 69. ಇನ್ನು ನಮಗೆ ಏನೂ ಇಲ್ವಾ?" - ನಿಟ್ಟುವಳ್ಳಿ, ದಾವಣಗೆರೆ

ಪೂರ್ತಿ ಇಲ್ಲ ಅಂತಲ್ಲ ಅಕ್ಕಾರೆ, ಆದ್ರೆ ಇದೆ ಅಂತ ಎದೆ ತಟ್ಟಿ ಹೇಳೋಷ್ಟೂ ಇಲ್ಲ. ನಮ್ಮ ರಾಜ್ಯದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್‌ನವರಿಗೆ ಪ್ಯಾಕೇಜ್ ರೇಟಿನ 100ಕ್ಕೆ 30ರಷ್ಟು ಸರ್ಕಾರ ಕೊಡ್ತದೆ, ಅದೂ ವರ್ಷಕ್ಕೆ ಒಂದು ಕುಟುಂಬಕ್ಕೆ ಒಂದೂವರೆ ಲಕ್ಷದ ಒಳಗೆ. ಇಲ್ಲಿ ಪ್ಯಾಕೇಜ್ ರೇಟ್ ಅನ್ನೋ ಪದದ ಮೇಲೆ ಕಣ್ಣಿಡಿ. ಆಸ್ಪತ್ರೆ ಕೊಡೋ ಬಿಲ್ಲಿನ 30 ಅಲ್ಲ, ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ರೇಟಿನ 30. ಸುಮ್ನೆ ಲೆಕ್ಕಕ್ಕೆ ಹೇಳ್ತೀನಿ, ಸರ್ಕಾರದ ರೇಟು 1 ಲಕ್ಷ ಅಂತಿಟ್ಕೊಳ್ಳಿ, 30 ಸಾವಿರ ಸರ್ಕಾರದ್ದು, ಮಿಕ್ಕಿದ್ದು ನಿಮ್ಮದು. ಹಂಗೇ ಈ 30 ಸಿಗ್ಬೇಕು ಅಂದ್ರೂ ಮೇಲೆ ಚನ್ನಗಿರಿಯೋರಿಗೆ ಹೇಳಿದ ರೆಫರಲ್ಲು, ಆರೋಗ್ಯ ಮಿತ್ರ, ಎಲ್ಲಾ ದಾರಿ ನಿಮಗೂ ಅದೇ.

ಯಜಮಾನ್ರಿಗೆ 69 ಅಂದ್ರಿ, 70 ತುಂಬಿದ್ರೆ ಮೇಲೆ ಹೇಳಿದ ವಯ ವಂದನಾ ಮಾಡಿಸ್ಬಹುದು. ಆಧಾರ್ ತೆಗೆದು ಹುಟ್ಟಿದ ತಾರೀಖು ನೋಡಿ. ನಮ್ಮ ಹಿರಿಯರದ್ದು ಸುಮಾರು ಜನದ್ದು ಜನವರಿ 1, ಆಧಾರ್ ಮಾಡೋ ದಿನ ಯಾರೋ ಅಂದಾಜಲ್ಲಿ ಬರೆಸಿದ್ದು. ಶಾಲೆ ಟಿಸಿನೋ ಬೇರೆ ದಾಖಲೆನೋ ಇದ್ದು ನಿಜವಾದ ವಯಸ್ಸು ಜಾಸ್ತಿ ಇದ್ರೆ ಸರಿ ಮಾಡಿಸ್ಬಹುದು, ಆದ್ರೆ ಹುಟ್ಟಿದ ತಾರೀಖು ತಿದ್ದೋಕೆ ಒಂದೇ ಒಂದು ಅವಕಾಶ ಇರೋದು, ದಾಖಲೆ ಕೈಲಿಟ್ಕೊಂಡು ಹೋಗಿ. ಸುಳ್ಳು ಬರೆಸೋಕೆ ಹೋಗ್ಬೇಡಿ, ಪೆನ್ಷನ್ನಲ್ಲಿ ಒಂದು ವಯಸ್ಸು, ಆಧಾರಲ್ಲಿ ಒಂದು ವಯಸ್ಸು ಆಗಿ ಎರಡೂ ಕಡೆ ಸಿಕ್ಕಾಕ್ಕೊಂಡೋರನ್ನ ನೋಡಿದೀನಿ.

ಬಿಪಿಎಲ್ ರದ್ದಾಗಿದ್ದು ತಪ್ಪು ಅನ್ಸಿದ್ರೆ, ಅಂದ್ರೆ ಮಗ ಬೇರೆ ಮನೆ ಮಾಡಿದಾನೆ, ಅವ್ನ ಹೆಸರು ಮಾತ್ರ ನಿಮ್ಮ ಕಾರ್ಡಲ್ಲಿ ಉಳ್ಕೊಂಡಿದೆ ಅನ್ನೋ ಹಂಗಿದ್ರೆ, ಆಹಾರ ಇಲಾಖೆ ಕಚೇರಿಗೆ ಅರ್ಜಿ ಕೊಡಿ. ಆದ್ರೆ ಸ್ಟೆಂಟ್ ಅದಕ್ಕೆ ಕಾಯಲ್ಲ, ಡಾಕ್ಟರ್ ಹೇಳಿದಂಗೆ ಮಾಡಿ. 70 ಅನ್ನೋ ಗೆರೆ ನಂಗೂ ಅಷ್ಟು ಸರಿ ಕಾಣಲ್ಲ. ಕೌಂಟರಲ್ಲಿ ಕೂತು ನೋಡಿದ ಲೆಕ್ಕದಲ್ಲಿ ಹಾರ್ಟು, ಕಿಡ್ನಿ ಎಲ್ಲಾ ಅರವತ್ತಕ್ಕೇ ಬಾಗಿಲು ತಟ್ತವೆ, ಸರ್ಕಾರ ಮಾತ್ರ ಎಪ್ಪತ್ತಕ್ಕೆ ಬಾಗಿಲು ತೆಗೀತದೆ.

"ನನ್ನ ಹತ್ರ ಆಭಾ ಕಾರ್ಡ್ ಐತೆ, ಆಶಾ ಕಾರ್ಯಕರ್ತೆ ಮನೆಗೇ ಬಂದು ಮಾಡಿಕೊಟ್ರು. ಬ್ಯಾಂಕಲ್ಲೂ ವರ್ಷಕ್ಕೆ 20 ರೂಪಾಯಿ ಇನ್ಶೂರೆನ್ಸ್ ಕಟ್ ಆಗ್ತದೆ. ಎರಡು ಇನ್ಶೂರೆನ್ಸ್ ಇದ್ದಂಗಾಯ್ತಲ್ಲ, ಸಾಕಲ್ವಾ?" - ಚಳ್ಳಕೆರೆ

ಯಜಮಾನ್ರೆ, ಎರಡೂ ನಿಮ್ಮ ಆಸ್ಪತ್ರೆ ಬಿಲ್ ಕಟ್ಟಲ್ಲ. ಆಭಾ ಅನ್ನೋದು 14 ಅಂಕಿಯ ನಂಬರ್ ಅಷ್ಟೇ, ನಿಮ್ಮ ಟೆಸ್ಟು, ಚೀಟಿ, ಡಿಸ್ಚಾರ್ಜ್ ಕಾಗದ ಎಲ್ಲಾ ಒಂದು ಕಡೆ ಆನ್‌ಲೈನಲ್ಲಿ ಸಿಗ್ಲಿ ಅಂತ. ಕಾರ್ಡ್ ನೋಡೋಕೆ ಆಯುಷ್ಮಾನ್ ಥರಾನೇ ಕಾಣ್ತದೆ, ಹೆಸರೂ ಆಯುಷ್ಮಾನ್ ಭಾರತ್ ಅಂತಾನೇ ಶುರುವಾಗ್ತದೆ, ಹಂಗಾಗಿ ಗೊಂದಲ. ಈ ಹೆಸರಿಟ್ಟೋರ್ನ ಒಂದು ದಿನ ನಮ್ಮ ಕೌಂಟರಲ್ಲಿ ಕೂರಿಸ್ಬೇಕಿತ್ತು.

ಬ್ಯಾಂಕಿನ 20 ರೂಪಾಯಿದು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ. ಅಪಘಾತದಲ್ಲಿ ಸತ್ರೆ, ಇಲ್ಲಾ ಪೂರ್ತಿ ಅಂಗವಿಕಲ ಆದ್ರೆ 2 ಲಕ್ಷ. ಜ್ವರ, ಹಾರ್ಟು, ಕ್ಯಾನ್ಸರ್ ಅದಕ್ಕೆ ಸಂಬಂಧ ಇಲ್ಲ, ಅದೂ 70ರವರೆಗೆ ಮಾತ್ರ. ಬಿಡಬೇಡಿ, 20 ರೂಪಾಯಿಗೆ ಈಗ ಒಂದು ಬೆಣ್ಣೆ ದೋಸೆನೂ ಬರಲ್ಲ. ಆದ್ರೆ ರೇಷನ್ ಕಾರ್ಡು, ಆಧಾರು ತಗೊಂಡು ಗ್ರಾಮ ಒನ್ನಿಗೋ ತಾಲ್ಲೂಕು ಆಸ್ಪತ್ರೆಗೋ ಹೋಗಿ ಆಯುಷ್ಮಾನ್ ಕಾರ್ಡ್ ಆಗಿದೆಯಾ ಅಂತ ಬೇರೆ ಕೇಳಿ.

"ನಾನು ಫ್ಯಾಕ್ಟರಿಲಿ 24 ವರ್ಷ ದುಡಿದು 58ಕ್ಕೆ ನಿವೃತ್ತಿ ಆದೆ. ಸಂಬಳದಲ್ಲಿ ಇಎಸ್ಐ ಹಿಡೀತಿದ್ರು. ರಿಟೈರ್ ಆದ್ಮೇಲೆ ಅದು ಮುಗೀತು ಅಂದ್ರು. ಹೌದಾ?" - ಹರಿಹರ

ಅಲ್ಲ! ಇದು ನಂಗೆ ತುಂಬ ಇಷ್ಟದ ಪ್ರಶ್ನೆ, ಯಾಕಂದ್ರೆ ಇದು ಯಾರಿಗೂ ಗೊತ್ತಿಲ್ಲ. ದಾವಣಗೆರೆ ಹರಿಹರ ಅಂದ್ರೆ ಕಾರ್ಖಾನೆ ಊರು, ಹತ್ತಿ ಮಿಲ್ಲಿನ ಸೈರನ್ ಕೇಳಿ ಗಡಿಯಾರಕ್ಕೆ ಕೀ ಕೊಡ್ತಿದ್ದ ಜನ ನಾವು, ಮನೆಗೊಬ್ರು ಇಎಸ್ಐ, ಅಂದ್ರೆ ಕಾರ್ಮಿಕರ ವಿಮೆ, ಕಟ್ಟಿದೋರು ಇದ್ರು. ಕಮ್ಮಿ ಅಂದ್ರೂ 5 ವರ್ಷ ಇಎಸ್ಐ ಇದ್ದ ಕೆಲಸ ಮಾಡಿ, ವಯಸ್ಸಾಗಿ ನಿವೃತ್ತಿ ಆದೋರು ಅಥವಾ ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡೋರು ವರ್ಷಕ್ಕೆ 120 ರೂಪಾಯಿ ಕಟ್ಟಿದ್ರೆ ಗಂಡ ಹೆಂಡತಿ ಇಬ್ರಿಗೂ ಇಎಸ್ಐಲಿ ವೈದ್ಯಕೀಯ ಸೌಲಭ್ಯ ಮುಂದುವರೀತದೆ. ತಿಂಗಳಿಗೆ 10 ರೂಪಾಯಿ, ಒಂದು ಟೀ ದುಡ್ಡು! ಆಯುಷ್ಮಾನಲ್ಲಿ ಇಲ್ಲದ್ದು ಇದ್ರಲ್ಲಿದೆ, ಡಿಸ್ಪೆನ್ಸರಿಲಿ ತೋರಿಸ್ಕೊಂಡು ಶುಗರ್ ಬಿಪಿ ಗುಳಿಗೆ ತಗೋಬಹುದು. ಇಎಸ್ಐ ಆಸ್ಪತ್ರೆ ದಾವಣಗೆರೆಲೇ ಇದೆ.

ನಿಮ್ಮ ಹಳೇ ಇಎಸ್ಐ ನಂಬರ್ ಹುಡುಕಿ, ಪೇ ಸ್ಲಿಪ್ಪಲ್ಲಿ ಇರ್ತದೆ, ಇಲ್ಲಾ ಹಳದಿ ಬಣ್ಣಕ್ಕೆ ತಿರುಗಿದ ಹಳೇ ಕಾರ್ಡ್ ಎಲ್ಲೋ ದೇವರ ಫೋಟೋ ಹಿಂದೆ ಸಿಕ್ಕಿಸಿರ್ತೀರಿ. ಕಂಪನಿಯಿಂದ ನಿವೃತ್ತಿ ಆದ ಪತ್ರ ಬೇಕಾಗ್ತದೆ. ಅದೆರಡೂ ತಗೊಂಡು ಇಎಸ್ಐ ಬ್ರಾಂಚ್ ಆಫೀಸಿಗೆ ಹೋಗಿ. ವರ್ಷಾವರ್ಷ ಕಟ್ಟೋದು ಮರೀಬೇಡಿ, ಯಾರೂ ಫೋನ್ ಮಾಡಿ ನೆನಪಿಸಲ್ಲ. 70 ಆದ್ಮೇಲೆ ವಯ ವಂದನಾನೂ ಮಾಡಿಸ್ಬಹುದು, ಇಎಸ್ಐ ಇದ್ರೆ ಅದು ಅಡ್ಡಿ ಅಲ್ಲ.

"ಅಡಿಕೆ ತೋಟ ಐತೆ, ಸಹಕಾರ ಸಂಘದ ಸದಸ್ಯ. ಯಶಸ್ವಿನಿ ಮಾಡಿಸ್ರಿ ಅಂತಾರೆ. ಆಯುಷ್ಮಾನ್ ಇದ್ಮೇಲೆ ಅದು ಯಾಕೆ?" - ಹೊಳಲ್ಕೆರೆ

ನಿಮ್ಮದು ಬಿಪಿಎಲ್ಲಾ ಎಪಿಎಲ್ಲಾ ಬರೆದಿಲ್ಲ ನೋಡಿ, ಉತ್ತರ ಅಲ್ಲೇ ಇರೋದು. ತೋಟ ಇರೋರು ಸುಮಾರು ಜನ ಎಪಿಎಲ್. ಎಪಿಎಲ್ ಆದ್ರೆ ಆಯುಷ್ಮಾನಲ್ಲಿ 30 ಭಾಗ ಮಾತ್ರ ಅಂತ ಮೇಲೆ ಹೇಳಿದ್ನಲ್ಲ, ಹಂಗಾದ್ರೆ ಯಶಸ್ವಿನಿ ನಿಮಗೆ ಬಂಗಾರ, ಅದ್ರಲ್ಲೂ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ. ಯಶಸ್ವಿನಿ 2003ರಿಂದ ಇದ್ದದ್ದು, ನಡುವೆ 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಸಿ ಮುಚ್ಚಿದ್ರು, ರೈತರು ಸುಮ್ನಿರ್ಲಿಲ್ಲ, 2023ರ ಜನವರಿಯಿಂದ ಮತ್ತೆ ಶುರುವಾಯ್ತು. ಮತ್ತೆ ಶುರು ಮಾಡಿದಾಗ ಹಳ್ಳಿ ಸಂಘದವರಿಗೆ ನಾಲ್ಕು ಜನದ ಕುಟುಂಬಕ್ಕೆ 500 ರೂಪಾಯಿ, ಮೇಲೆ ಒಬ್ಬೊಬ್ಬರಿಗೆ 100, ಪಟ್ಟಣದೋರಿಗೆ 1000 ಮತ್ತೆ 200 ಅಂತ ಇಟ್ರು. ಪರಿಶಿಷ್ಟ ಜಾತಿ, ಪಂಗಡದವರದ್ದು ಸರ್ಕಾರನೇ ಕಟ್ತದೆ.

ಇದ್ರಲ್ಲಿ ತೊಂದ್ರೆ ಒಂದೇ, ನೋಂದಣಿಗೆ ಟೈಮ್ ಇರ್ತದೆ, ಆ ಟೈಮಲ್ಲಿ ಸಂಘಕ್ಕೆ ಹೋಗಿ ದುಡ್ಡು ಕಟ್ಟಿ ರಸೀದಿ ಇಸ್ಕೋಬೇಕು, ವರ್ಷಾವರ್ಷ ನವೀಕರಣ. ಅಡಿಕೆ ಕೊಯ್ಲಲ್ಲಿ ಮರೆತ್ರೆ ಮುಂದಿನ ಸಲದವರೆಗೂ ಕಾಯ್ಬೇಕು. ಹೊಸ ಹುಳ ಬಿಟ್ಟಂಗಾಗ್ಬಾರ್ದು ಅಂತ ಇದನ್ನೂ ಹೇಳ್ತೀನಿ, ಒಂದೇ ಆಪರೇಷನ್ನಿಗೆ ಎರಡು ಯೋಜನೆಲಿ ದುಡ್ಡು ಬರಲ್ಲ, ಅಡ್ಮಿಟ್ ಆಗೋವಾಗ ಯಾವ್ದ್ರಲ್ಲಿ ಅಂತ ಒಂದು ಹೇಳ್ಬೇಕು.

"ನಮ್ಮ ಯಜಮಾನ್ರು ಮಿಲಿಟರಿಲಿದ್ರು, ತೀರ್ಕೊಂಡ್ರು. ನನಗೆ ಇಸಿಎಚ್ಎಸ್ ಐತೆ, ಈಗ 73. ಎಪ್ಪತ್ತರ ಕಾರ್ಡ್ ತಗೋಬೇಕಾ?" - ಜಗಳೂರು

ಬೇಡ ಅಮ್ಮಾರೆ. ಮಾಜಿ ಸೈನಿಕರ ಇಸಿಎಚ್ಎಸ್, ಕೇಂದ್ರ ಸರ್ಕಾರಿ ನೌಕರರ ಸಿಜಿಎಚ್ಎಸ್ ಇರೋರು ಅದೋ ಎಪ್ಪತ್ತರ ಕಾರ್ಡೋ ಒಂದನ್ನ ಆರಿಸ್ಕೋಬೇಕು, ಎರಡೂ ಸಿಗಲ್ಲ. ನಿಮಗಿರೋದ್ರಲ್ಲಿ ದಿನದ ಔಷಧಿನೂ ಬರ್ತದೆ. ಕೈಯಲ್ಲಿರೋದನ್ನ ಬಿಟ್ಟು ಹಾರೋದಕ್ಕೆ ಕೈ ಹಾಕ್ಬೇಡಿ, ಯಾರಾದ್ರೂ ಕ್ಯಾಂಪ್ ಮಾಡ್ತೀವಿ ಅಂತ ಬಂದು ಹೆಬ್ಬೆಟ್ಟು ಕೇಳಿದ್ರೆ ಮೊದ್ಲು ಇಸಿಎಚ್ಎಸ್ ಇದೆ ಅಂತ ಹೇಳಿ.

"ನನಗೆ 67, ಎಪಿಎಲ್, ಯಾವ ಇನ್ಶೂರೆನ್ಸೂ ಇಲ್ಲ. ಮಗ ಬೆಂಗಳೂರಲ್ಲಿ ಕಂಪನಿಲಿದಾನೆ, ಪ್ರೈವೇಟ್ ಪಾಲಿಸಿ ತಗೊಳ್ಳಪ್ಪ ಅಂತಾನೆ. ಈ ವಯಸ್ಸಲ್ಲಿ ಕೊಡ್ತಾರಾ?" - ಚಿತ್ರದುರ್ಗ

ಕೊಡ್ತಾರೆ. ಮುಂಚೆ 65 ದಾಟಿದ್ರೆ ಹೊಸಾ ಪಾಲಿಸಿ ಕಷ್ಟ ಇತ್ತು, 2024ರ ಏಪ್ರಿಲಿಂದ ಆ ಮಿತಿ ತೆಗೆದಿದಾರೆ. ಆದ್ರೆ ಕಡ್ಡಾಯವಾಗಿ ಕೊಡ್ಲೇಬೇಕು ಅಂತಿಲ್ಲ, ಮೆಡಿಕಲ್ ಟೆಸ್ಟ್ ಮಾಡಿಸಿ ಆಗಲ್ಲ ಅನ್ನೋಕೂ ಅವರಿಗೆ ಹಕ್ಕಿದೆ. ಇರೋ ಕಾಯಿಲೆಗೆ ಹೆಚ್ಚಂದ್ರೆ 3 ವರ್ಷ ಕಾಯಿಸ್ಬಹುದು, ಅದಕ್ಕಿಂತ ಜಾಸ್ತಿ ಇಲ್ಲ. 3 ವರ್ಷ ಅಂದ್ರೆ ನಿಮಗೆ 70 ಆಗಿರ್ತದೆ, ನಗು ಬರ್ತದೆ ಅಲ್ವಾ. ಆದ್ರೂ ಈ ಮೂರು ವರ್ಷದಲ್ಲಿ ಹೊಸದಾಗಿ ಏನಾದ್ರೂ ಬಂದ್ರೆ ಅಂತ ತಗೊಳ್ಳೋದು ಒಳ್ಳೇದೇ. 2025ರ ಸೆಪ್ಟೆಂಬರ್ 22ರಿಂದ ನಾವೇ ಕೊಳ್ಳೋ ಪಾಲಿಸಿಗೆ ಇದ್ದ 18 ಪರ್ಸೆಂಟ್ ಜಿಎಸ್‌ಟಿ ತೆಗೆದಿದಾರೆ, ಹಿರಿಯರ ಪ್ರೀಮಿಯಂನ ವರ್ಷಕ್ಕೆ 10 ಪರ್ಸೆಂಟ್ ಮೇಲೆ ಏರಿಸ್ಬೇಕು ಅಂದ್ರೆ ಕಂಪನಿ ಮೊದ್ಲು ಇನ್ಶೂರೆನ್ಸ್ ಕಂಪನಿಗಳ ಮೇಲೆ ನಿಗಾ ಇಡೋ ಐಆರ್‌ಡಿಎಐನ ಕೇಳ್ಬೇಕು.

ಕೋ-ಪೇ, ಅಂದ್ರೆ ಬಿಲ್ಲಲ್ಲಿ ನಾವು ಕೊಡ್ಬೇಕಾದ ಪಾಲು, 100ಕ್ಕೆ ಎಷ್ಟು ಅಂತ ಒಂದು ಪ್ರಶ್ನೆ ಕೇಳ್ಬಿಡಿ ಏಜೆಂಟಿಗೆ. 20 ಅಂದ್ರೆ ಬಿಲ್ಲಿನ ಐದ್ರಲ್ಲಿ ಒಂದು ಪಾಲು ನಿಮ್ಮದು. ಶುಗರ್ ಇದೆ ಅಂದ್ರೆ ಇದೆ ಅಂತಾನೇ ಬರೆಸಿ, "ಅದೇನೂ ಬೇಡ ಬಿಡಿ ಸಾರ್, ನಾನು ನೋಡ್ಕೊತೀನಿ" ಅನ್ನೋ ಏಜೆಂಟ್ ಕ್ಲೇಮ್ ದಿನ ಫೋನ್ ಎತ್ತಲ್ಲ. ಅದಕ್ಕೂ ಮುಂಚೆ ಮಗನ ಕಂಪನಿ ಪಾಲಿಸಿಲಿ ಅಪ್ಪ ಅಮ್ಮನ್ನ ಸೇರಿಸೋಕೆ ಬರ್ತದಾ ಕೇಳಿ, ಅದ್ರಲ್ಲಿ ಸಾಮಾನ್ಯವಾಗಿ ಹಳೇ ಕಾಯಿಲೆಗೂ ಕೊಡ್ತಾರೆ. ಕೆಲಸ ಬಿಟ್ಟ ದಿನ ಅದೂ ಹೋಗ್ತದೆ ಅನ್ನೋದು ನೆನಪಿರ್ಲಿ.

"ಆಯುಷ್ಮಾನಲ್ಲೇ ಅಡ್ಮಿಟ್ ಮಾಡಿದ್ವಿ. ಡಿಸ್ಚಾರ್ಜ್ ದಿನ ಹೊರಗಿಂದ ತಂದ ಸಾಮಾನಿಗೆ ಅಂತ 15 ಸಾವಿರ ಕೇಳಿದ್ರು, ರಸೀದಿ ಕೊಡ್ಲಿಲ್ಲ. ಕೊಟ್ಟು ಬಂದ್ವಿ. ಕೇಳಬಹುದಿತ್ತಾ?" - ಹಿರಿಯೂರು, ಹೆಸರು ಹಾಕ್ಬೇಡಿ ಅಂದಿದಾರೆ

ಹೆಸರು ಹಾಕಲ್ಲ, ನಿಮ್ಮದೂ ಆಸ್ಪತ್ರೆದೂ. ಬಿಪಿಎಲ್ ರೋಗಿಗೆ ಪ್ಯಾಕೇಜ್ ಅಂದ್ರೆ ಬೆಡ್ಡು, ಆಪರೇಷನ್ನು, ಔಷಧಿ, ಒಳಗೆ ಹಾಕೋ ಸಾಮಾನು, ಊಟ ಎಲ್ಲಾ ಸೇರಿ. ಜನರಲ್ ವಾರ್ಡ್ ಬೇಡ, ಸ್ಪೆಷಲ್ ರೂಮ್ ಬೇಕು ಅಂತ ನೀವೇ ಕೇಳಿದ್ರೆ ಅದು ಬೇರೆ ಮಾತು, ಇಲ್ಲದಿದ್ರೆ ಮೇಲೆ ಕೇಳೋ ಹಂಗಿಲ್ಲ. ಈಗ್ಲೂ ದೂರು ಕೊಡ್ಬಹುದು, 14555ಕ್ಕೆ ಇಲ್ಲಾ 104ಕ್ಕೆ ಫೋನ್ ಮಾಡಿ, ಕಂಪ್ಲೇಂಟ್ ನಂಬರ್ ಬರೆದಿಟ್ಕೊಳ್ಳಿ, ಜೊತೆಗೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಲಿ ಬರವಣಿಗೇಲಿ ಕೊಟ್ಟು ಒಂದು ಕಾಪಿಗೆ ಸೀಲ್ ಹಾಕಿಸ್ಕೊಳ್ಳಿ. ರಸೀದಿ ಇಲ್ಲ ಅಂತ ಹಿಂಜರೀಬೇಡಿ, ಫೋನ್ ಪೇ ಮಾಡಿದ್ರೆ ಅದೇ ಸಾಕ್ಷಿ. ನಗದು ಕೊಟ್ಟಿದ್ರೆ ಅವತ್ತು ಎಟಿಎಮ್ಮಿಂದ ತೆಗೆದ ಲೆಕ್ಕ, ಯಾರ ಕೈಗೆ ಎಷ್ಟು ಹೊತ್ತಿಗೆ ಕೊಟ್ರಿ ಅನ್ನೋದು, ಎಲ್ಲಾ ಬರೀರಿ.

ಕೌಂಟರಿನ ಈ ಕಡೆ ಕೂತವಳಾಗಿ ಒಂದು ಗುಟ್ಟು ಹೇಳ್ತೀನಿ. "ದುಡ್ಡು ಕೊಡ್ತೀನ್ರಿ, ಯೋಜನೆ ಹೆಸರು ಹಾಕಿ ರಸೀದಿ ಕೊಡ್ರಿ" ಅಂತ ಯಾರಾದ್ರೂ ನಿಧಾನಕ್ಕೆ, ಜಗಳ ಆಡದೆ ಅಂದ್ರೆ ಕೌಂಟರಿನೋರು ಒಳಗೆ ಹೋಗಿ ಮ್ಯಾನೇಜರನ್ನ ಕೇಳ್ಕೊಂಡು ಬರೋರು. ಬರೋವಾಗ ಸುಮಾರು ಸಲ "ಇರ್ಲಿ ಬಿಡಿ, ಹೊರಡ್ರಿ" ಅಂತ ಹೇಳೋರು.